ಕೊಸರು

ತೋಳಹುಣಸೆ ಬಸ್ಸು ಹತ್ತುವ ಮೊದಲು
ದುಪಟ್ಟ ಎರಡು ಸಲ ಕೊಡವುತ್ತೇನೆ.
ಆದರೂ ಕ್ಲಾಸಿನಲ್ಲಿ ನೋಟ್‌ಬುಕ್ ತೆರೆದರೆ
ಹೊಲಿಗೆಯ ಸಂದಿಯಿಂದ ನಾಕು ಕಾಳು ಮರಳು,
ಹುರಿದು ಹುರಿದು ಕಪ್ಪಾದ ಭಟ್ಟಿಯ ಮರಳು.

ಹಾಲೇಶಪ್ಪ ಮೇಷ್ಟ್ರು ಬೋರ್ಡಿನ ಮೇಲೆ
ಪ್ರೊಸೆಸ್ ಅಕೌಂಟ್ ಬಿಡಿಸುತ್ತಿದ್ದರು:
ಹಾಕಿದ್ದು ಸಾವಿರ ಕಿಲೋ, ಬಂದದ್ದು ಒಂಬೈನೂರ ಐವತ್ತು,
ನಡುವೆ ಸುಟ್ಟದ್ದು, ಆರಿದ್ದು, ಹಾರಿದ್ದು
ಎಲ್ಲಕ್ಕೂ ಒಂದೇ ಹೆಸರು, ನಾರ್ಮಲ್ ಲಾಸ್.
ಕೈ ಎತ್ತಿದೆ. 'ಸರ್, ಉಬ್ಬಿದರೆ?'
ಕ್ಲಾಸು ನಕ್ಕಿತು. ಮೇಷ್ಟ್ರು ನಗಲಿಲ್ಲ.
'ಜುಬೇದಾ, ನಿನ್ನ ಕೇಸ್ ಸ್ಟಡಿ ಅದೇ ಆಗಲಿ.
ಒಂದು ಸೇರು ಮಂಡಕ್ಕಿಗೆ ಬಿದ್ದ ಖರ್ಚು,
ಪೈಸೆ ಬಿಡದೆ ಬರಕೊಂಡು ಬಾ.'

ಹದಿನೇಳು ದಿನ ಬರೆದೆ.
ಭತ್ತ, ಉಪ್ಪು, ಹಮಾಲಿ, ಜರಡಿಯ ಸವಕಳಿ.
ಒಲೆಗೆ ಹಾಕುವ ಹೊಟ್ಟು ನಮ್ಮದೇ, ಅದಕ್ಕೇನು ಕಾಸು
ಎಂದು ಬಿಟ್ಟಿದ್ದೆ;
ಮಾರಿದ್ದರೆ ಬರುತ್ತಿದ್ದ ದುಡ್ಡೂ ಖರ್ಚೇ ಅಂತ
ರಾತ್ರಿ ಎರಡಕ್ಕೆದ್ದು ಸೇರಿಸಿದೆ.
ಅಬ್ಬಾನ ಕೂಲಿ?
ಅಬ್ಬಾ ಮಾಲೀಕ. ಬೆಳಗಿನ ಮೂರರಿಂದ
ಬೆಂಕಿಯ ಬಾಯಿಗೆ ಮುಖ ಕೊಟ್ಟು ನಿಲ್ಲುವ ಮಾಲೀಕ.
ಪುಸ್ತಕದಲ್ಲಿ ದಾರಿಯಿತ್ತು: ಬೇರೆಯವರ ಭಟ್ಟಿಯಲ್ಲಿ
ಅದೇ ಕೆಲಸಕ್ಕೆ ಸಿಗುವಷ್ಟು ಹಿಡಿ.
ಹಿಡಿದೆ. ದಿನಕ್ಕೆ ಆರುನೂರು.
ನಮ್ಮಪ್ಪನಿಗೆ ಮೊದಲ ಸಲ ಸಂಬಳ ಕೊಟ್ಟವಳು ನಾನೇ,
ಪೆನ್ಸಿಲ್ಲಿನಲ್ಲಿ.

ಕೂಡಿದರೆ ಸೇರಿಗೆ ಮೂವತ್ತೈದು ಪೈಸೆ ಲಾಸು.
ಎಲ್ಲಿ ಸೋರುತ್ತಿದೆ ಎಂದು ಹುಡುಕುತ್ತ ಹೋದರೆ
ಬಾಗಿಲಲ್ಲಿ ದಾದಿ,
ಸೇರು ತುಂಬಿ, ಮೇಲೆ ಗೋಪುರ ಕಟ್ಟಿ, ಚೀಲಕ್ಕೆ ಸುರಿದು,
ಆಮೇಲೂ ಒಂದು ಬೊಗಸೆ.
ಬೊಗಸೆ ಅಳೆದೆ. ಅರೆಪಾವು.
ಎಂಟು ಸೇರು ಮಾರಿದರೆ ಒಂದು ಸೇರು ಪುಕ್ಕಟೆ!
ಪುಸ್ತಕ ಅವಳ ಮುಂದೆ ಹಿಡಿದೆ,
ಓದು ಬಾರದವಳ ಮುಂದೆ.

ದಾದಿ ಕೈ ನಿಲ್ಲಿಸಲಿಲ್ಲ.
'ಪುಕ್ಕಟೆ ಯಾರು ಕೊಟ್ಟರು?
ಬಿಸೀಲಿ ಅಳೆದಿದ್ದು ದಾರೀಲಿ ಕುಂದುತ್ತೆ ಮಗಾ.
ಕುಂದಿದ್ದು ತುಂಬಿ ಕಳಿಸ್ತೀನಿ.
ಗಾಳಿ ಅಳೆದು ಮಾರಿದ ಪಾಪ ನಂಗ್ಯಾಕೆ.'

ಮರುದಿನ ಒಂದು ಸೇರು, ಸರಿಯಾಗಿ ಒಂದು ಸೇರು,
ಕೊಸರಿಲ್ಲದೆ ಕಟ್ಟಿಕೊಂಡು ಹೊರಟೆ.
ಅಶೋಕ ರಸ್ತೆಯ ಗೇಟು ಬಿದ್ದಿತ್ತು,
ಗೂಡ್ಸ್ ಗಾಡಿಯ ಐವತ್ತೆಂಟು ಡಬ್ಬಿ ಎಣಿಸುವಷ್ಟು ಹೊತ್ತು
ನೆಲ ಅದುರಿತು, ಚೀಲವೂ.
ಆಮೇಲೆ ಬಸ್ಸು, ಆಮೇಲೆ ಬಸ್ಸಿನ ಹಂಪು.
ಡಿಪಾರ್ಟ್‌ಮೆಂಟಿನ ಮೇಜಿನ ಮೇಲೆ
ದಾದಿಯ ಸೇರಿಗೇ ಮತ್ತೆ ಸುರಿದೆ.
ಕಂಠಕ್ಕೆ ಬರಲಿಲ್ಲ.
ಎಷ್ಟು ಕಮ್ಮಿ ಎಂದು ಮೇಷ್ಟ್ರು ಬಗ್ಗಿ ನೋಡಿದರು.
ಅರೆಪಾವು. ಅದಕ್ಕೂ ಹತ್ತು ಕಾಳು ಈಚೆ.

'ಯಾವ ಹೆಡ್ಡಿನಲ್ಲಿ ತೋರಿಸ್ತೀಯ?' ಎಂದರು.
ಸೆಲ್ಲಿಂಗ್ ಓವರ್‌ಹೆಡ್ ಅನ್ನಲೇ? ನಾರ್ಮಲ್ ಲಾಸ್?
ಇಂಗ್ಲಿಷ್ ಶೀಟಿನಲ್ಲಿ ಅದೊಂದನ್ನು
ಕನ್ನಡದಲ್ಲೇ ಬರೆದಿದ್ದೆ.
ಕೆಂಪು ಪೆನ್ನು ಅಲ್ಲಿಗೆ ಬಂದು ನಿಂತಿತು,
ಹೊಡೆಯಲಿಲ್ಲ, ಮಗ್ಗುಲಲ್ಲಿ ಒಂದು ಪ್ರಶ್ನಾರ್ಥಕ.
ಇಪ್ಪತ್ತಕ್ಕೆ ಹದಿನೇಳು.
ಪುರಾವೆಯನ್ನು ಈರುಳ್ಳಿ, ಖಾರ ಹಾಕಿ
ಕ್ಲಾಸಿನವರೆಲ್ಲ ತಿಂದರು.

ಲಾಸು ಮಾತ್ರ ಹಾಗೇ ಇದೆ, ಮೂವತ್ತೈದು ಪೈಸೆ.
ರಾತ್ರಿ ಅಬ್ಬಾ ಶೀಟನ್ನು ಬಲ್ಬಿನ ಕೆಳಗೆ ಹಿಡಿದು
ತನ್ನ ಸಾಲಿನ ಮೇಲೆ ಬೆರಳಿಟ್ಟ.
'ಆರುನೂರಾ?'
ಸ್ವಲ್ಪ ಹೊತ್ತು ಬೆರಳು ತೆಗೆಯಲಿಲ್ಲ.
'ಹಂಗಾದ್ರೆ ನಾಳೆ ರಜಾ ಹಾಕ್ತೀನಿ' ಎಂದು ನಕ್ಕು
ಗಡಿಯಾರಕ್ಕೆ ಅಲಾರಾಂ ಕೊಟ್ಟ,
ಮೂರಕ್ಕೆ ಹತ್ತು ನಿಮಿಷ ಇರುವಂತೆ.